ಐದು ಮನೆಯ ಗೂಬೆ

ಕನ್ನಡಕದ ಅಂಗಡಿಗೆ ವಾರಕ್ಕೊಂದು ರಜೆ. ಆ ಒಂದು ದಿನವಾದರೂ ಕಾಲು ಚಾಚಿ ಕೂರಬೇಕೆಂದುಕೊಂಡಿದ್ದ ಕನ್ನಡಕದಕ್ಕ ಬೆಳಿಗ್ಗೆ ಹತ್ತಕ್ಕೆಲ್ಲ ಮಗಳನ್ನು ಸೊಂಟಕ್ಕೇರಿಸಿಕೊಂಡು ದಡದಡನೆ ಮೆಟ್ಟಿಲಿಳಿಯುತ್ತಿದ್ದಳು. ತಲೆ ಬಾಚಿರಲಿಲ್ಲ. ಮಗಳ ಒಂದು ಕಾಲಿನ ಚಪ್ಪಲಿ ಅವಳ ಕೈಯಲ್ಲೇ ಇತ್ತು.

"ಎಲ್ಲಿಗೆ ಹೊರಟೆ?" ಎಂದು ಅತ್ತೆ ಒಳಗಿನಿಂದ ಕೇಳಿದರು.

"ಈಗ ಬಂದೆ, ಅತ್ತೆ."

ಅದು ಕೇಳಿದ್ದಕ್ಕೆ ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ನಿಂತು ವಿವರಿಸುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಹೋಗಬೇಕಾದದ್ದು ನಾಲ್ಕು ಮನೆಗೆ. ನಾಲ್ಕೂ ಮನೆಯ ಕಂಪ್ಯೂಟರಿನಲ್ಲಿ ಅವಳೇ ಕೈಯಾರೆ ಕೂರಿಸಿ ಬಂದ ಗೂಬೆ ಇತ್ತು. ಐದನೆಯದು ಅವಳ ಮನೆಯದೇ. ಅದನ್ನು ಅರ್ಧ ಗಂಟೆಯ ಹಿಂದಷ್ಟೇ ಕಿತ್ತೆಸೆದಿದ್ದಳು.

ಗೂಬೆಯೆಂದರೆ ಬ್ರೌಸರಿಗೆ ಅಂಟಿಸಿಕೊಳ್ಳುವ ಒಂದು ಪುಟ್ಟ ಆಡ್-ಆನ್. ಪರದೆಯ ಬಲಮೂಲೆಯಲ್ಲಿ ಅವರೆಕಾಳಿನಷ್ಟು ದೊಡ್ಡ ಗೂಬೆಯ ಚಿತ್ರ. ಅದನ್ನು ಒತ್ತಿದರೆ ಎದುರಿಗಿರುವ ಪುಟದ ಅಕ್ಷರ ದಪ್ಪಗಾಗುತ್ತಿತ್ತು, ಕಣ್ಣಿಗೆ ಚುಚ್ಚುವ ಬಿಳುಪು ಕೆನೆಯ ಬಣ್ಣಕ್ಕೆ ತಿರುಗುತ್ತಿತ್ತು. ಅಷ್ಟೇ ಅದರ ಕೆಲಸ. ಹತ್ತು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೂತು, ಸಡಿಲವಾದ ಕಡ್ಡಿಗೆ ತಿರುಪು ಬಿಗಿದು, "ಈ ಸಾಲು ಓದಿ ನೋಡಿ" ಎಂದು ಊರಿನ ಕಣ್ಣೆಲ್ಲ ಬಲ್ಲವಳಿಗೆ ಆ ಗೂಬೆ ದೇವರು ಕಳಿಸಿದ ಹಾಗೆ ಸಿಕ್ಕಿತ್ತು.

ಅವಳಿಗೆ ಇಂಥ ಸಣ್ಣಪುಟ್ಟ ಸಾಮಾನಿನ ಹುಚ್ಚು ಮೊದಲಿನಿಂದಲೂ ಇತ್ತು. ಮದುವೆಯಾದ ಹೊಸತರಲ್ಲಿ ಮನೆಗೆ ಹಳೆಯ ಕಂಪ್ಯೂಟರೊಂದು ಬಂದಾಗ ಗಂಡ ಅದರಲ್ಲಿ ಸಿನಿಮಾ ನೋಡಿದ, ಇವಳು ಅದರೊಳಗೆ ಮನೆಯನ್ನೇ ಹೂಡಿದಳು. ದೊಡ್ಡ ಕಂಪನಿಯವರ ಸರಕು ಅವಳಿಗೆ ರುಚಿಸುತ್ತಿರಲಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಒಬ್ಬನೇ ಕೂತು ಬರೆದ ಪ್ರೋಗ್ರಾಂಗಳೇ ಬೇಕು. ಒಂದೇ ಫೋಟೋ ನಾಲ್ಕು ಕಡೆ ಇದ್ದರೆ ಹುಡುಕಿ ಹೇಳುವಂಥದ್ದು, ಪರದೆಯ ಮೇಲೆ ಚೀಟಿ ಅಂಟಿಸುವಂಥದ್ದು, ಬಹಳ ಹೊತ್ತು ಕೂತರೆ "ಏಳಿ, ಓಡಾಡಿ" ಎಂದು ಗದರಿಸುವಂಥದ್ದು. ಮೂವತ್ತು ದಿನ ಸುಮ್ಮನೆ ಬಳಸಿ, ಹಿಡಿಸಿದರೆ ಮಾತ್ರ ದುಡ್ಡು ಕೊಡಿ ಎನ್ನುತ್ತಿದ್ದರು ಅವುಗಳ ಒಡೆಯರು. ಒಬ್ಬನಂತೂ ಬೇರೇನೂ ಬೇಡ, ನಿಮ್ಮ ಊರಿನದೊಂದು ಚಿತ್ರದ ಕಾರ್ಡು ಕಳಿಸಿ ಸಾಕು ಎಂದಿದ್ದ. ಅವಳು ಕಳಿಸಿದ್ದಳು. ಮುಖ ಕಾಣದವರನ್ನು ಮೊದಲು ನಂಬಿ ಆಮೇಲೆ ಉಳಿದದ್ದು ನೋಡುವ ಆ ರೀತಿಯೇ ಅವಳ ಮನಸ್ಸಿಗೆ ಹಿಡಿದದ್ದು.

ತಾನು ಮೆಚ್ಚಿದ್ದನ್ನು ಇನ್ನೊಬ್ಬರಿಗೆ ಹಂಚದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ಹೀಗೆ ಗೂಬೆ ಮನೆಯಿಂದ ಮನೆಗೆ ಹಾರಿತು. "ಹೋಗಿ ಹೋಗಿ ಗೂಬೆಯಾ? ಒಂದು ಗಿಳಿನೋ ಪಾರಿವಾಳನೋ ಸಿಗಲಿಲ್ವಾ ನಿಂಗೆ?" ಎಂದು ಅತ್ತೆ ಮೂಗು ಮುರಿದಿದ್ದರು. ಆಮೇಲೆ ಅದಿಲ್ಲದೆ ಒಂದು ಸಾಲನ್ನೂ ಓದದಾದರು.

ಎಲ್ಲರಿಗೂ ಅವಳು ಒಂದೇ ಪಾಠ ಹೇಳಿಕೊಟ್ಟಿದ್ದಳು. ಗೂಬೆಗೆ ಆಗಾಗ ಹೊಸ ಆವೃತ್ತಿ ಬರುತ್ತದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಪೆಟ್ಟಿಗೆ ಕಾಣಿಸಿಕೊಂಡರೆ ಗಾಬರಿಯಾಗಬೇಡಿ, ಕಣ್ಣು ಮುಚ್ಚಿ ನೀಲಿ ಬಟನ್ ಒತ್ತಿಬಿಡಿ.

ಒತ್ತಿದ್ದರು. ಕಳೆದ ವಾರ ಅವಳೂ ಒತ್ತಿದ್ದಳು.

ಅವಳ ಮಗಳಿಗೆ ಮೂರೂವರೆ ವರ್ಷ. ಒಂದು ತಿಂಗಳಿನಿಂದ, ದಣಿದಾಗ, ಮಗುವಿನ ಎಡಗಣ್ಣಿನ ಗುಡ್ಡೆ ಮೂಗಿನ ಕಡೆಗೆ ಜಾರುತ್ತಿತ್ತು. ಬೇರೆ ಯಾರೂ ಗಮನಿಸಲಾರದಷ್ಟು ಸ್ವಲ್ಪ. ಕಂಡವರ ಕಣ್ಣನ್ನೆಲ್ಲ ಅಳೆಯುವವಳು ತನ್ನ ಮಗುವಿನ ಕಣ್ಣನ್ನು ಮಾತ್ರ ನೇರವಾಗಿ ನೋಡಲಾರದೆ, ಗಂಡನಿಗೂ ಅತ್ತೆಗೂ ಹೇಳಲಾರದೆ, ದಿನಕ್ಕೆ ಹತ್ತು ಸಲ ಕಂಪ್ಯೂಟರನ್ನು ಕೇಳುತ್ತಿದ್ದಳು. ಮೊನ್ನೆ ಗಂಡ ಕ್ರಿಕೆಟ್ ಸ್ಕೋರು ನೋಡಲು ಕೂತವನು, "ಇದೇನೇ, ಎಲ್ಲಿ ನೋಡಿದ್ರೂ ಮೆಳ್ಳೆಗಣ್ಣಿನ ಆಪರೇಷನ್ ಜಾಹೀರಾತು? ಯಾರಿಗೆ ಮೆಳ್ಳೆಗಣ್ಣು?" ಎಂದ. ತಾನು ಗುಟ್ಟಾಗಿ ಕೇಳಿದ್ದು ಹೊರಗೆ ಹೇಗೆ ಹೋಯಿತೆಂದು ಈ ಬೆಳಿಗ್ಗೆ ಕೂತು ಕೆದಕಿದಳು. ಗೂಬೆಯ ಪುಟದಲ್ಲಿ ಬಳಸಿದವರು ಬರೆದ ಅಭಿಪ್ರಾಯಗಳ ಕೆಳಗೆ, ಕೆಳಗೆ, ಇನ್ನೂ ಕೆಳಗೆ ಯಾರೋ ಒಬ್ಬ ಬರೆದಿದ್ದ. ಗೂಬೆಯನ್ನು ಮಾಡಿದವನು ಅದನ್ನು ಯಾರಿಗೋ ಮಾರಿದ್ದಾನೆ. ಮೊದಲಿನ ಗೂಬೆ ನಾವು ಒತ್ತಿದಾಗ ಮಾತ್ರ, ಒತ್ತಿದ ಪುಟವನ್ನಷ್ಟೇ ನೋಡುತ್ತಿತ್ತು. ಕಳೆದ ವಾರ ಬಂದದ್ದು ಸದಾ ಕಣ್ಣು ತೆರೆದಿರುತ್ತದೆ. ಯಾವ ಪುಟದಲ್ಲಿ ಏನೇ ಬರೆದರೂ ಓದುತ್ತದೆ, ಹೊರಗೆ ಕಳಿಸುತ್ತದೆ. ಕೂಡಲೇ ತೆಗೆದುಹಾಕಿ.

ನಾಲ್ಕು ಮನೆ ಅವಳ ಕಣ್ಣಮುಂದೆ ಬಂದವು. ಕಂಪ್ಯೂಟರ್ ಅಂದರೆ ಸಾಕು, ಕುರ್ಚಿ ಬಿಟ್ಟು ಎದ್ದು ಅವಳಿಗೆ ಕೊಡುತ್ತಿದ್ದ ನಾಲ್ಕು ಮನೆ. ಇನ್ನು ಮೇಲೆ ಯಾರು ಕೊಡುತ್ತಾರೆ?

ಮೊದಲು ಹೋದದ್ದು ಹಿಂದಿನ ಬೀದಿಯ ಮೇಷ್ಟ್ರ ಮನೆಗೆ. ಚಿತ್ರಕಲೆ ಕಲಿಸಿ ನಿವೃತ್ತರಾದವರು, ಒಬ್ಬರೇ ಇರುವವರು. ಪರದೆಯ ಅಂಚಿಗೆ ಒಂದು ಚೀಟಿ ಅಂಟಿಸಿಕೊಂಡಿದ್ದರು. "ಪೆಟ್ಟಿಗೆ ಬಂದರೆ ನೀಲಿ." ಮುತ್ತು ಪೋಣಿಸಿದಂಥ ಅಕ್ಷರ. ಅದನ್ನು ನೋಡುತ್ತಲೇ ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಬದಿಗಿಟ್ಟಳು.

"ಏನಮ್ಮಾ, ರಜೆ ದಿನ ಬಂದೆ? ಕೂತ್ಕೋ, ಕೂತ್ಕೋ," ಎಂದು ಕುರ್ಚಿ ಬಿಟ್ಟುಕೊಟ್ಟರು.

"ಗೂಬೆ ಹಳೇದಾಯ್ತು ಮೇಷ್ಟ್ರೇ. ತೆಗೀಬೇಕು. ಇನ್ನೂ ಒಳ್ಳೇದು ಬಂದಿದೆ, ಆಮೇಲೆ ಹಾಕಿಕೊಡ್ತೀನಿ."

"ನಿಂಗೆ ಸರಿ ಅನಿಸಿದ್ದು ಮಾಡು. ನಂಗೇನು ಗೊತ್ತಾಗತ್ತೆ."

ತೆರೆದಿದ್ದ ಪುಟ ಒಂದು ದೊಡ್ಡ ಆಸ್ಪತ್ರೆಯದು. ಮೇಲೆ ಅವರ ಹೆಸರು, ಕೆಳಗೆ ವರದಿಗಳ ಉದ್ದ ಸಾಲು. ಹೊಟ್ಟೆಯಲ್ಲಿ ಸ್ವಲ್ಪ ವಾಯು ಎಂದಷ್ಟೇ ಅವರು ಎಲ್ಲರಿಗೂ ಹೇಳಿಕೊಂಡಿದ್ದರು. ಅವಳು ಕಣ್ಣು ಆಚೆ ಹೊರಳಿಸಿ, ಗೂಬೆಯನ್ನು ಕಿತ್ತು, ಕೊಟ್ಟ ಟೀಯನ್ನು ಬಾಯಿ ಸುಟ್ಟುಕೊಂಡು ಕುಡಿದು ಎದ್ದಳು. ಮಗಳ ಕೈಗೆ ಮೇಷ್ಟ್ರು ಒಂದು ಬಣ್ಣದ ಪೆನ್ಸಿಲು ಕೊಟ್ಟು ಕಳಿಸಿದರು.

ಎರಡನೆಯದು ಬಟ್ಟೆ ಹೊಲಿಯುವ ಗೆಳತಿಯ ಮನೆ. ಅಲ್ಲಿ ಸುಳ್ಳು ಇನ್ನೂ ಸಲೀಸಾಗಿ ಬಂತು. "ನೀನು ಇರೋತನಕ ನಂಗೆ ಯಾವ ಯೋಚ್ನೆನೂ ಇಲ್ಲ ಬಿಡು," ಎಂದು ಗೆಳತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದಳು. ಮೂರನೆಯದು ಸೋದರಮಾವನದು. ಮಾವ ಊಟ ಮುಗಿಸಿ ಸೋಫಾದಲ್ಲೇ ಅಡ್ಡಾಗಿದ್ದರು. ಕಣ್ಣು ಬಿಡದೆಯೇ, "ಪಾಸ್‌ವರ್ಡು ನಿಂಗೆ ಗೊತ್ತಲ್ಲ, ನೋಡ್ಕೋ" ಎಂದರು. ಹೌದು, ಅವಳಿಗೆ ಗೊತ್ತಿತ್ತು. ಈಗ ಇನ್ನಾರಿಗೋ ಗೊತ್ತಿತ್ತು.

ಬಿಸಿಲು ನೆತ್ತಿ ಸುಡುತ್ತಿತ್ತು. ಮಗಳು ತೋಳ ಮೇಲೆ ಕಲ್ಲಿನಂತೆ ಭಾರ. ಎರಡು ಹೆಜ್ಜೆಗೊಮ್ಮೆ ನಿಂತು ಮಗುವಿನ ಎಡಗಣ್ಣು ನೋಡುವುದು, ಜಾರಿದೆಯೇ ಇಲ್ಲವೇ ಎಂದು ತಾನೇ ಅನುಮಾನಪಡುವುದು, ಮತ್ತೆ ಓಡುವುದು. ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ ಎರಡು ಸ್ಟಾಪು ನಡೆದೇಬಿಟ್ಟಳು.

ಕೊನೆಯದು ಓರಗಿತ್ತಿಯ ಮನೆ. ಗಂಡನ ಅಣ್ಣನ ಹೆಂಡತಿ, ವಯಸ್ಸಿನಲ್ಲಿ ಎಂಟು ವರ್ಷ ದೊಡ್ಡವಳು. ಒಬ್ಬ ವಕೀಲರ ಕಾಗದಪತ್ರಗಳನ್ನು ಮನೆಯಲ್ಲೇ ಕೂತು ಬೆರಳಚ್ಚು ಮಾಡಿಕೊಡುವ ಕೆಲಸ. ಯಾರದೋ ವಿಚ್ಛೇದನ, ಯಾರದೋ ಮಗುವಿನ ಹಕ್ಕು, ಎಲ್ಲ ಅದೇ ಬ್ರೌಸರಿನಲ್ಲಿ. "ವಕೀಲರು ಬೇರೆ ಏನೂ ಹಾಕಬಾರದು ಅಂದಿದ್ದಾರೆ ಕಣೇ" ಎಂದು ಓರಗಿತ್ತಿ ಅಂದೇ ಅನುಮಾನಿಸಿದ್ದಳು. "ಅಯ್ಯೋ, ಇಷ್ಟೇ ಇಷ್ಟು ಗೂಬೆ, ಏನು ಮಾಡತ್ತೆ ಅಕ್ಕಾ" ಎಂದು ಹಠ ಹಿಡಿದು ಹಾಕಿಕೊಟ್ಟವಳು ಇವಳೇ. ನಿಜ ಹೇಳಿದರೆ ಓರಗಿತ್ತಿ ವಕೀಲರಿಗೆ ಹೇಳಬೇಕು. ಹೇಳಿದರೆ ಆ ಕೆಲಸ ಉಳಿಯುವುದಿಲ್ಲ. ಹೇಳದೆ ತೆಗೆದುಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ. ಮೆಟ್ಟಿಲು ಹತ್ತುತ್ತ ಇದನ್ನೇ ಮನಸ್ಸಿಗೆ ನಾಲ್ಕು ಸಲ ಹೇಳಿಕೊಂಡಳು.

ಓರಗಿತ್ತಿ ಕಾಗದದ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ, ಮಗುವನ್ನು ಎತ್ತಿಕೊಂಡಳು. "ಏನೇ ಇದು, ಬೆವರು ಕಿತ್ಕೊಂಡು ಬರ್ತಿದೆ. ನಡೆದೇ ಬಂದ್ಯಾ?"

"ಗೂಬೆ ಹಳೇದಾಯ್ತು ಅಕ್ಕಾ, ತೆಗೆದು ಹೋಗೋಣ ಅಂತ."

"ಯಾವ ಗೂಬೆ? ಅದನ್ನ ಹೋದ ವಾರವೇ ತೆಗೆದೆನಲ್ಲ."

ಕನ್ನಡಕದಕ್ಕ ನಿಂತಲ್ಲೇ ನಿಂತಳು. "ಯಾಕೆ?"

"ಪೆಟ್ಟಿಗೆ ಬಂತು. ಎಲ್ಲ ಪುಟ ಓದೋಕೆ ಒಪ್ಪಿಗೆ ಕೊಡಿ ಅಂತಿತ್ತು. ಇವನ್ಯಾರಪ್ಪಾ ಅಂತ ತೆಗೆದು ಬಿಸಾಕಿದೆ."

"ನೀವು ಅದನ್ನ ಓದಿದ್ರಾ?"

"ವಕೀಲರ ಹತ್ರ ಕೆಲಸ ಮಾಡೋಳು ನಾನು. ಓದದೆ ಯಾವುದಕ್ಕೂ ಒಪ್ಪಿಗೆ ಕೊಡಲ್ಲ. ನಿಮ್ಮ ಭಾವನ್ನ ಮದುವೆಯಾಗಿದ್ದೊಂದು ಬಿಟ್ಟು."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎದೆಯ ಮೇಲಿನ ಭಾರ ಇಳಿದ ಜಾಗಕ್ಕೆ ಸಿಟ್ಟು ನುಗ್ಗಿ ಬಂತು, ಎಲ್ಲಿಂದಲೋ.

"ನನಗೊಂದು ಮಾತು ಹೇಳಬಹುದಿತ್ತಲ್ಲ ಅಕ್ಕಾ."

"ನೀನು ಅಷ್ಟು ಆಸೆಯಿಂದ ಹಾಕಿಕೊಟ್ಟಿದ್ದೆ. ತೆಗೆದೆ ಅಂದ್ರೆ ಮುಖ ಸಣ್ಣ ಮಾಡ್ಕೊಳ್ತೀಯ ಅಂತ ಸುಮ್ನಾದೆ. ಇಷ್ಟೆಲ್ಲ ತಿಳಿದೋಳು, ನಿಂಗೆ ಗೊತ್ತೇ ಇರತ್ತೆ ಅಂದ್ಕೊಂಡೆ."

"ಎಂಟು ದಿನ ಅಕ್ಕಾ. ಎಂಟು ದಿನದಿಂದ ನಾನು ಬರೆದಿದ್ದೆಲ್ಲ ಹೋಗಿದೆ. ಮಗಳ ಕಣ್ಣಿನ ವಿಷಯ ನಾನಿನ್ನೂ ಮನೇಲೇ ಬಾಯಿ ಬಿಟ್ಟಿಲ್ಲ, ಅದ್ಯಾರೋ ದಾರೀಲಿ ಹೋಗೋನಿಗೆ ಗೊತ್ತು. ನೀವು ಹೇಳಿದ್ರೆ ಅವತ್ತೇ..."

"ಮಗು ಕಣ್ಣಿಗೇನಾಗಿದೆ?"

ತೋರಿಸಿದಳು. ಓರಗಿತ್ತಿ ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ನಾಳೆ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ. ಮನೇಲಿ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

"ಉಳಿದವರು ಏನಂದ್ರು? ಮೇಷ್ಟ್ರು, ನಿಮ್ಮ ಸೋದರಮಾವ, ಆ ಹೊಲಿಗೆಯವಳು?"

"ಏನೂ ಅನ್ನಲಿಲ್ಲ."

"ಪಾಸ್‌ವರ್ಡು ಬದಲಾಯಿಸಿದ್ರಾ?"

ಕನ್ನಡಕದಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಹೇಳಿದೆ ತಾನೇ ಅವರಿಗೆ?" ಎಂದಳು ಓರಗಿತ್ತಿ. ಆಮೇಲೆ ದನಿ ತಗ್ಗಿಸಿದಳು. "ಗೂಬೆ ತೆಗೆದ್ರೆ ಮುಗೀತಾ? ಅದು ಹೊತ್ಕೊಂಡು ಹೋಗಿದ್ದು ವಾಪಸ್ ಬರತ್ತಾ? ಇವತ್ತೂ ಯಾರಾದ್ರೂ ಅವರ ಬಾಗಿಲು ತೆಗೆದು ಒಳಗೆ ಹೋಗಬಹುದು. ಅವರಿಗೆ ಗೊತ್ತೇ ಇಲ್ಲ."

ಒಂದು ನಿಮಿಷದ ಹಿಂದೆ ತಾನು ಯಾವ ಮಾತಿಗೆ ಓರಗಿತ್ತಿಯ ಮೇಲೆ ಹರಿಹಾಯ್ದಿದ್ದಳೋ ಅದೇ ಮಾತು ಅವಳ ಮೈಮೇಲೆ ಬಿದ್ದಿತ್ತು. ಮಗಳನ್ನು ಅಲ್ಲೇ ಬಿಟ್ಟು, ನೀರೂ ಕುಡಿಯದೆ ಹೊರಟಳು. ಹಿಂದಿನಿಂದ ಓರಗಿತ್ತಿ "ಬಸ್ಸಲ್ಲಿ ಹೋಗೇ" ಎಂದದ್ದು ಕೇಳಿಸಿತು. ಬಸ್ಸು ಬಂತು, ಹತ್ತಿದಳು, ಕೂತಳು, ಕೂರಲಾರದೆ ಎದ್ದು ಬಾಗಿಲ ಬಳಿ ನಿಂತಳು. ಇಳಿಯುವ ಸ್ಟಾಪಿಗೆ ಒಂದು ಸ್ಟಾಪು ಮೊದಲೇ ಇಳಿದುಬಿಟ್ಟಳು.

ಮೇಷ್ಟ್ರು ಬಾಗಿಲು ತೆರೆದವರು "ಏನಮ್ಮಾ, ಏನಾದ್ರೂ ಮರೆತೆಯಾ?" ಎಂದರು.

ನಿಂತಲ್ಲೇ, ಚಪ್ಪಲಿಯನ್ನೂ ಬಿಡದೆ, ಒಂದೇ ಉಸಿರಿಗೆ ಹೇಳಿದಳು. ಗೂಬೆ ಕೈಬದಲಾದದ್ದು, ನೀಲಿ ಬಟನ್ ಒತ್ತಿದ್ದು, ಎಲ್ಲ ಹೊರಗೆ ಹೋದದ್ದು, ಪಾಸ್‌ವರ್ಡು ಬದಲಾಯಿಸಬೇಕಾದದ್ದು. ಮೇಷ್ಟ್ರು ಬಾಗಿಲ ಚೌಕಟ್ಟಿಗೆ ಕೈಯೂರಿ ಕೇಳಿದರು.

"ಎಲ್ಲ ಅಂದ್ರೆ?"

"ಈ ಎಂಟು ದಿನ ನೀವು ಬರೆದಿದ್ದು, ನೋಡಿದ್ದು."

"ಆಸ್ಪತ್ರೆದೂ?"

"ಹ್ಞೂಂ, ಮೇಷ್ಟ್ರೇ."

ಎದುರು ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ಬೆಳಿಗ್ಗೆ ಬಂದಾಗ ಗೊತ್ತಿತ್ತಾ ನಿಂಗೆ?"

ಇಲ್ಲ ಎನ್ನಲು ಇದು ಕೊನೆಯ ಅವಕಾಶ. "ಗೊತ್ತಿತ್ತು," ಎಂದಳು.

ಮೇಷ್ಟ್ರು ಒಳಗೆ ಹೋದರು. ಬಾ ಎನ್ನಲಿಲ್ಲ, ಬಾಗಿಲು ಹಾಕಲೂ ಇಲ್ಲ. ಅವಳು ಚಪ್ಪಲಿ ಬಿಟ್ಟು ಹಿಂದೆ ಹೋದಳು. ಅವರು ತಾವೇ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಇಲಿಯನ್ನು ಹಿಡಿಯುವಂತೆ ಮೌಸನ್ನು ಹಿಡಿದರು.

"ಎಲ್ಲಿ ಒತ್ತಬೇಕು, ಹೇಳು. ನಾನು ಒತ್ತುತ್ತೀನಿ."

ಅವಳು ಹೇಳಿದಳು. ಅವರು ಪ್ರತಿಯೊಂದನ್ನೂ ತುಟಿಯಲ್ಲೇ ಓದಿಕೊಂಡರು, ಒಂದೊಂದು ಶಬ್ದಕ್ಕೂ ಅರ್ಥ ಕೇಳಿದರು, ಅರ್ಥವಾಗದ್ದನ್ನು ಮತ್ತೆ ಕೇಳಿದರು. ಒಂದು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಕೈ ಚಾಚಿ ತಾನೇ ಒತ್ತಿಬಿಡಬೇಕೆಂದು ಅವಳ ಬೆರಳು ತುಡಿಯುತ್ತಿತ್ತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹೊಲಿಗೆಯವಳು ಬಾಕಿ, ಮಾವ ಬಾಕಿ, ಸಂಜೆಯೊಳಗೆ ಮನೆಯಲ್ಲೂ ಹೇಳಬೇಕು.

ಹೊಸ ಪಾಸ್‌ವರ್ಡು ಬರೆಯುವ ಜಾಗ ಬಂತು. ಮೇಷ್ಟ್ರು ಕೈ ತಡೆದು, ಅವಳ ಮುಖ ನೋಡದೆಯೇ, "ಸ್ವಲ್ಪ ಆ ಕಡೆ ತಿರುಗಮ್ಮ" ಎಂದರು.

ಅವಳು ಗೋಡೆಯ ಕಡೆ ತಿರುಗಿ ನಿಂತಳು. ಹಿಂದೆ ಟಕ್ಕೆಂದು ಒಂದು ಅಕ್ಷರ ಒತ್ತಿದ ಸದ್ದಾಯಿತು. ಬಹಳ ಹೊತ್ತಾದ ಮೇಲೆ ಇನ್ನೊಂದು.

"ಆಯ್ತಾ, ಮೇಷ್ಟ್ರೇ?"

"ಇನ್ನೂ ಇಲ್ಲ. ನಿಂತಿರು."