ದೆವ್ವ ಇದೆ ಎಂದು ನಾನು ಹೇಳಿದ್ದು

ದೆವ್ವಗಳಲ್ಲಿ ನನಗೆ ನಂಬಿಕೆ ಇಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮುಂದಿನದನ್ನು ಓದಿದವರು, ವಯಸ್ಸಾದ ಮೇಲೆ ಇವನೂ ಬದಲಾದ ಎಂದುಕೊಳ್ಳಬಾರದು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಗಡಿಯಾಚೆಯ ಮಲಯಾಳ ಸೀಮೆಯ ಕಾಟ್ಟಿಕುಳಂ ಪೇಟೆಯಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಎಂದೋ ಕರ್ನಾಟಕದಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತ ಜೈನರು ನಾವು, ಇಲ್ಲಿನವರ ಬಾಯಲ್ಲಿ ಗೌಡರು. ಗದ್ದೆ ಅಣ್ಣಂದಿರಿಗೆ ಹೋಯಿತು, ನನಗೆ ಅಂಗಡಿ ಬಂತು. ಸಂಜೆ ವಾಯನಶಾಲೆಗೆ, ಅಂದರೆ ಊರಿನ ಗ್ರಂಥಾಲಯಕ್ಕೆ, ಹೋಗುತ್ತಿದ್ದೆ. ಅಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡುವವರಲ್ಲಿ ನಾನೂ ಒಬ್ಬ. ಒಮ್ಮೆ ಮೂರು ದಾರಿ ಕೂಡುವಲ್ಲಿ ಗುಳಿಗನೆಂಬ ದೈವಕ್ಕೆಂದು ಇಟ್ಟಿದ್ದ ತೆಂಗಿನಕಾಯಿಯನ್ನು ಎತ್ತಿ ತಂದು, ಎಲ್ಲರೆದುರು ಬೆಲ್ಲದ ಜೊತೆ ತಿಂದೆ. ಏನೂ ಆಗಲಿಲ್ಲ. ಅದನ್ನು ನಾನು ಧೈರ್ಯ ಎಂದುಕೊಂಡಿದ್ದೆ.

"ಗುಳಿಗ ನಿನ್ ಹತ್ರ ಬರಲ್ಲ ಕಣೋ," ಅಂದಿದ್ದ ಪಕ್ಕದ ಚಹಾ ಅಂಗಡಿಯವನು. "ಗ್ರೀಸ್ ವಾಸನೆ ಅವನಿಗೆ ಆಗಲ್ಲ."

ನಕ್ಸಲರ ಹೆಸರು ಕೇಳಿದರೆ ಪೇಟೆಯ ಬಾಗಿಲುಗಳು ಮುಚ್ಚುತ್ತಿದ್ದ ಕಾಲ ಅದು. ಸುತ್ತಲಿನ ಭೂಮಿಯೆಲ್ಲ ತನ್ನದೆನ್ನುತ್ತಿದ್ದ ಜನ್ಮಿಯೊಬ್ಬನ ಮನೆಯ ಮೇಲೆ ದಾಳಿಯಾಯಿತು. ಆಮೇಲೆ ಪೋಲೀಸರು ಬಂದು ಒಂದು ಕಾಫಿ ಗೋಡೌನಿನಲ್ಲಿ ಬೀಡುಬಿಟ್ಟರು. ದಾಳಿ ಮಾಡಿದವರು ಕಾಡು ಸೇರಿದ್ದರು. ಪೋಲೀಸರ ಕೈಗೆ ಸಿಕ್ಕಿದವರು ಹಾಡಿಗಳ ಆದಿವಾಸಿ ಜನ: ಕೂಲಿಗೆ ಇನ್ನೊಂದಿಷ್ಟು ಬತ್ತ ಕೇಳಿದವರು, ಬೀಳುಬಿದ್ದ ನೆಲಕ್ಕೆ ಗುದ್ದಲಿ ಹಾಕಿದವರು.

ಒಂದು ಬೆಳಿಗ್ಗೆ ಕ್ಯಾಂಪಿನ ಸೈಕಲ್‌ಗಳನ್ನು ಸರಿಮಾಡಲು ನನ್ನನ್ನು ಕರೆಸಿದರು. ಗೋಡೌನಿನ ಹಿಂದೆ, ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದೆ. ಕಣದೊಳಕ್ಕೆ ಒಬ್ಬನನ್ನು ತಂದರು. ಹಾಡಿಯವನು, ನನಗೆ ಗೊತ್ತಿದ್ದವನು. ಸಂತೆಯ ದಿನ ನನ್ನಲ್ಲಿ ಬಾಡಿಗೆ ಸೈಕಲ್ ತೆಗೆದುಕೊಂಡು, ಬಾವಲಿ ರಸ್ತೆಯಲ್ಲಿ ಸುಮ್ಮನೆ ಹೋಗಿ ಬರುತ್ತಿದ್ದ. ಒಬ್ಬ ಪೋಲೀಸು ತನ್ನ ಕೈಗಡಿಯಾರವನ್ನು ಬಿಚ್ಚಿ, ಪಕ್ಕದವನ ಕೈಗೆ ಕೊಟ್ಟು, ಬಂದೂಕನ್ನು ಹಿಂದುಮುಂದಾಗಿ ತಿರುಗಿಸಿ ಹಿಡಿದ. ಅದನ್ನು ನೋಡಿದೆ. ಆಮೇಲೆ ಆದದ್ದನ್ನೂ ನೋಡಿದೆ. ನನ್ನ ಕೈ ಚಕ್ರದ ಕಡ್ಡಿಗಳನ್ನು ಬಿಗಿಯುತ್ತಲೇ ಇತ್ತು. ನಿಲ್ಲಿಸಿದರೆ ಅವರು ನನ್ನ ಕಡೆ ತಿರುಗುತ್ತಾರೆಂಬ ಹೆದರಿಕೆ.

ಅವನನ್ನು ಬಿಟ್ಟುಕಳಿಸಿದರು. ಕೆಲವು ದಿನ ಗುಡಿಸಲಲ್ಲಿ ಮಲಗಿದ್ದು ಸತ್ತುಹೋದ. ಜೇನು ಕೀಳಲು ಹೋಗಿ ಮರದಿಂದ ಬಿದ್ದ ಎಂದು ಪೇಟೆಯಲ್ಲೆಲ್ಲ ಸುದ್ದಿ ಬಂತು. ಕ್ಯಾಂಪಿನಿಂದಲೇ ಬಂತು.

ನಾನು ಅವನ ಹಾಡಿಗೆ ಹೋದೆ. ಅಲ್ಲಿ ಹಿರಿಯ ಒಬ್ಬರಿದ್ದರು. ಎಲ್ಲರೂ ಮೂಪ್ಪ ಎನ್ನುತ್ತಿದ್ದರು. ಸತ್ತವರನ್ನು ಮೈಮೇಲೆ ಬರಿಸಿಕೊಂಡು, ಸಾವು ಹೇಗೆ ಬಂತೆಂದು ಅವರಿಂದಲೇ ಹೇಳಿಸುವ ಕೆಲಸ ಅವರದು. ಆ ಕೆಲಸವನ್ನೇ ನಾನು ವಾಯನಶಾಲೆಯಲ್ಲಿ ಎಷ್ಟೋ ಸಲ ಗೇಲಿ ಮಾಡಿದ್ದೆ. ಕಂಡದ್ದನ್ನೆಲ್ಲ ಅವರಿಗೆ ಹೇಳಿದೆ. ಕೊನೆಗೆ, "ಮೂಪ್ಪಾ, ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು," ಎಂದೆ.

ಅವರು ಎಲೆಯಡಿಕೆ ಉಗುಳಿ ಬಂದು ಕೂತರು. "ನಿಮ್ ಎಸ್ರು ಯಾಕ್ ಬತ್ತದೆ ಗೌಡ್ರೆ? ನನ್ ಎಸ್ರೂ ಬರಾದಿಲ್ಲ. ಏಳಾದು ಅವ್ನು."

"ಅವನು ಸತ್ತಿದ್ದಾನಲ್ಲ."

"ಅದ್ಕೇ ಅವ್ನಿಗೆ ಪೇಡಿ ಇಲ್ಲ," ಎಂದರು. ಪೇಡಿ ಎಂದರೆ ಭಯ. ಅದನ್ನು ನನ್ನ ಮುಖ ನೋಡಿಕೊಂಡೇ ಹೇಳಿದರು.

ಸತ್ತವನನ್ನು ಕರೆಸುವ ದಿನ ನಾನೂ ಹೋಗಿ ಹಿಂದೆ ನಿಂತೆ. ಮಧ್ಯಾಹ್ನ. ತುಡಿ ಎಂಬ ಚರ್ಮವಾದ್ಯ ಬಡಿಯುತ್ತಿದ್ದರು. ಮೂಪ್ಪ ನಡುಗಿ, ಕೂತು, ಬೇರೆ ದನಿಯಲ್ಲಿ ಮಾತಾಡತೊಡಗಿದರು. ಮರದಿಂದ ಬೀಳಲಿಲ್ಲ ಎಂದರು. ಕಾಫಿ ಕಣದಲ್ಲಿ ಹೊಡೆದರು ಎಂದರು. ಹೊಡೆಯುವ ಮೊದಲು ಒಬ್ಬ ಗಡಿಯಾರ ಬಿಚ್ಚಿ ಕೊಟ್ಟ ಎಂದರು. ನಾನು ಹೇಳಿದ ಮಾತುಗಳೇ, ನಾನು ಹೇಳಿದ ಕ್ರಮದಲ್ಲೇ. ಹೆಂಗಸರು ಅತ್ತರು. ಆ ಹಾಡಿಯಲ್ಲಿ ಪೋಲೀಸರ ಮೇಲೆ ದೂರು ಹೇಳಲು ಬದುಕಿದ್ದವರು ಯಾರಿಂದಲೂ ಆಗುತ್ತಿರಲಿಲ್ಲ. ಹೇಳಿದರೆ ಮರುದಿನ ಅವರೂ ಆ ಕಣದಲ್ಲಿರುತ್ತಿದ್ದರು. ಇಷ್ಟು ಸರಳವಾದದ್ದು ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. ಹೊಳೆದಾಗ ಸಂತೋಷವಾಗಲಿಲ್ಲ, ನಾಚಿಕೆಯಾಯಿತು.

ಮಾತು ಕ್ಯಾಂಪಿಗೆ ಮುಟ್ಟಿತು. ಮೂಪ್ಪನನ್ನು ಹಿಡಿದು ತಂದರು. ನನಗೂ ಕರೆ ಬಂತು. ಮೂಪ್ಪ ಗೋಡೌನಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು, ತುಟಿ ಒಡೆದಿತ್ತು. ನನ್ನನ್ನು ನೋಡಲಿಲ್ಲ. ಮೇಜಿನ ಹಿಂದೆ ಹೆಡ್ ಕಾನ್‌ಸ್ಟೇಬಲ್. ಗಡಿಯಾರ ಬಿಚ್ಚಿದ್ದವನು ಅವನೇ. ಈಗ ಅದು ಅವನ ಕೈಯಲ್ಲಿತ್ತು. ಅವನು ಮಲಯಾಳದಲ್ಲಿ ಕೇಳಿದ:

"ವಾಯನಶಾಲೆಯಲ್ಲಿ ದೆವ್ವ ಇಲ್ಲ ಅಂತ ಭಾಷಣ ಬಿಗಿಯೋನು ನೀನೇ ತಾನೆ?"

"ಹೌದು ಸಾರ್."

"ದೆವ್ವ ಇಲ್ಲ ಅಂದ್ಮೇಲೆ ಇವನಿಗೆ ಅದೆಲ್ಲ ಯಾರು ಹೇಳಿದ್ರು? ಬದುಕಿರೋನು ಯಾವನೋ ಹೇಳಿರಬೇಕಲ್ಲ. ಇವನು ಬಾಯಿ ಬಿಡ್ತಿಲ್ಲ. ಬಿಡಿಸೋದು ನಮಗೆ ಗೊತ್ತು. ನೀನು ಓದಿದೋನು, ನೀನೇ ಹೇಳು. ದೆವ್ವ ಇದೆಯೋ ಇಲ್ವೋ?"

ಇಲ್ಲ ಎಂದರೆ ಮೂಪ್ಪನನ್ನು ಹಿಂದಿನ ಕಣಕ್ಕೆ ಒಯ್ಯುತ್ತಾರೆ. ಆ ವಯಸ್ಸಿನ ದೇಹ ಅದನ್ನು ತಾಳುತ್ತಿರಲಿಲ್ಲ. ಹೇಳಿದ್ದು ನಾನೇ ಎಂದರೆ ಒಯ್ಯುವುದು ನನ್ನನ್ನು. ಆ ಬೆಳಿಗ್ಗೆ ಕಣದ ಅಂಚಿನಲ್ಲಿ ನಾನಿದ್ದುದು ಅವನಿಗೆ ನೆನಪಿದೆಯೋ ಇಲ್ಲವೋ ಗೊತ್ತಾಗಲಿಲ್ಲ.

"ಇದೆ ಸಾರ್," ಎಂದೆ.

"ಏನು?"

"ದೆವ್ವ ಇದೆ. ಸತ್ತವನೇ ಬಂದು ಹೇಳಿದ. ನಾನು ಅಲ್ಲೇ ಇದ್ದೆ, ಅವನದೇ ದನಿ ಕೇಳಿದೆ."

ಅವನು ಜೋರಾಗಿ ನಕ್ಕ. "ಕೇಳಿದ್ರೇನ್ರೋ, ನಮ್ಮ ಭಾಷಣಕಾರರಿಗೂ ದೆವ್ವ ಹಿಡೀತು! ದೆವ್ವದ ಮೇಲೆ ಕೇಸು ಹಾಕೋಕಾಗುತ್ತೇನ್ರೋ?" ಎಲ್ಲರೂ ನಕ್ಕರು. ನನ್ನನ್ನು ಹೊರಗೆ ರಸ್ತೆಗೆ ಕರೆತಂದು, ಪೇಟೆಯ ಜನರ ಮುಂದೆ ಅದನ್ನೇ ಇನ್ನೊಮ್ಮೆ ಹೇಳಿಸಿದರು. ಹೇಳಿದೆ. ಮೂಪ್ಪನನ್ನು ಒದ್ದು ಹೊರಗೆ ಕಳಿಸಿದರು.

ಹಾಡಿಯ ದಾರಿಯವರೆಗೆ ಅವರ ಜೊತೆ ನಡೆದೆ. "ನಿಮ್ ಬಾಸಣ ಕೆಟ್ಟೋಯ್ತಲ್ಲ ಗೌಡ್ರೆ," ಎಂದರು ಒಡೆದ ತುಟಿಯಲ್ಲೇ ನಕ್ಕು. ಇಡೀ ದಾರಿಯಲ್ಲಿ ಅವರು ಆಡಿದ್ದು ಅಷ್ಟೇ. ನನ್ನ ಹೆಸರನ್ನು ಅವರು ಹೇಳಿಬಿಡಬಹುದಿತ್ತು. ಹೇಳಿರಲಿಲ್ಲ.

ಆಮೇಲೆ ಪೇಟೆಯಲ್ಲಿ ಕೆಲವರು ಗುಟ್ಟಾಗಿ ನನ್ನ ಕೈ ಹಿಡಿದು, ಮುದುಕನನ್ನು ಉಳಿಸಿದೆ ಎಂದರು. ನಾನು ನನ್ನನ್ನೂ ಉಳಿಸಿಕೊಂಡಿದ್ದೆ. ಆ ಒಂದೇ ಮಾತಿನಲ್ಲಿ ಮೂಪ್ಪನ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ಬಿಡಿಸಲು ಇಂದಿಗೂ ನನ್ನಿಂದಾಗಿಲ್ಲ. ಆದರೂ ಇದೆಲ್ಲ ಅಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಸತ್ತವನ ತಾಯಿ ಅಂಗಡಿಗೆ ಬಂದರು. ಸಂತೆಯ ದಿನ. ಬಾಗಿಲ ಹತ್ತಿರ ನಿಂತೇ ಇದ್ದರು. ಕೂರಿ ಅವ್ವ ಎಂದು ಮಣೆ ಕೊಟ್ಟೆ. ಕೂರಲಿಲ್ಲ.

"ಮೂಪ್ಪ ಏಳಾದು ಸರಿ," ಎಂದರು. "ಅವ್ರು ಎಲ್ಲಾರ್ಗೂ ಏಳ್ತಾರೆ. ನೀವು ದೆವ್ವ ನಂಬಾದಿಲ್ಲ ಅಂತಾರೆ. ನೀವೇ ಪೋಲೀಸ್ರ ತಾವ ನನ್ ಮಗ ಬಂದಿದ್ದ ಅಂದ್ರಂತೆ. ಅಂಗಾರೆ ದಿಟವಾಗೂ ಬಂದಿದ್ದ."

ನಾನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿದೆ.

"ನನ್ನ ಕರ್ದ್ನಾ ಮಗ?"

ಕರೆದಿದ್ದ. ಕಾಫಿ ಕಣದಲ್ಲಿ, ಬದುಕಿದ್ದಾಗ, ಮೊದಲ ಏಟುಗಳು ಬಿದ್ದಾಗ, ಅವ್ವೆ, ಅವ್ವೆ ಎಂದು ಕೂಗಿದ್ದ. ಅದೊಂದನ್ನು ನಾನು ಮೂಪ್ಪನಿಗೂ ಹೇಳಿರಲಿಲ್ಲ. ಈಗ ಹೇಳಬೇಕೆಂದರೆ, ಅಲ್ಲಿ ನಾನಿದ್ದೆ, ಕೇಳಿದೆ, ಎದ್ದು ಬರಲಿಲ್ಲ ಎಂದೂ ಹೇಳಬೇಕಾಗುತ್ತಿತ್ತು.

"ಕರೆದ, ಅವ್ವ," ಎಂದೆ.

"ಸತ್ ಮೇಲೂ ನಾ ನೆಪ್ಪಿದ್ದೀನಿ ಅವ್ನಿಗೆ," ಎಂದರು. ಅವರ ಮುಖ ಸಡಿಲಾಯಿತು. ಆಗ ಮಣೆಯ ಮೇಲೆ ಕೂತರು. ದೆವ್ವ ಇಲ್ಲ ಎಂಬುದಕ್ಕೆ ಎಷ್ಟೋ ಕಾರಣಗಳನ್ನು ಬಾಯಿಪಾಠ ಮಾಡಿದ್ದೆ. ಒಂದನ್ನೂ ಆಡಲಾಗಲಿಲ್ಲ, ನಿಜವನ್ನೂ ಆಡಲಿಲ್ಲ. ಬಂದ ಗಿರಾಕಿಯ ಸೈಕಲ್ಲಿಗೆ ಗಾಳಿ ಹಾಕಿದೆ.

ಅಂದಿನಿಂದ ಅವರು ಬದುಕಿದ್ದಷ್ಟು ಕಾಲ ಸಂತೆಗೆ ಬಂದಾಗಲೆಲ್ಲ ಅಂಗಡಿಗೆ ಬರುತ್ತಿದ್ದರು. ಮಗ ಮತ್ತೆ ಏನಾದರೂ ಹೇಳಿದನೇ ಎಂದು ಕೇಳುತ್ತಿದ್ದರು. ಇಲ್ಲ ಅವ್ವ, ಮತ್ತೆ ಬಂದಿಲ್ಲ ಎನ್ನುತ್ತಿದ್ದೆ. ಬಂದ್ರೆ ನಿಮ್ ತಾವೇ ಬತ್ತಾನೆ, ಎಂದು ನನಗೇ ಸಮಾಧಾನ ಹೇಳಿ, ಸಂತೆಯ ಚೀಲ ಎತ್ತಿಕೊಂಡು ಹೋಗುತ್ತಿದ್ದರು.