ಗೊಂಬೆಗೆ ಮಡಿಲು ತುಂಬಿದ ಬೈರಮ್ಮ

ನಮ್ಮ ಬೈರಮ್ಮಕ್ಕನ ಮನೆಯಿಂದ ಯಾವ ಹೆಣ್ಣುಮಗಳೂ ಬರಿಮಡಿಲಲ್ಲಿ ಹೋದದ್ದಿಲ್ಲ. ಲಕ್ಕೂರಿಗೆ ಪೋಲಿಯೋ ಹನಿ ಹಾಕಲು ಬಂದ ನರ್ಸಮ್ಮನಿರಲಿ, ಓಟು ಕೇಳಲು ಬಂದವರಿರಲಿ, ಹಿಡಿದು ಕೂರಿಸಿ, ಹಣೆಗೆ ಕುಂಕುಮವಿಟ್ಟು, ಮಡಿಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿಯೇ ಕಳಿಸುವಳು. ಬಿಲ್ಲು ಕಟ್ಟಿಲ್ಲವೆಂದು ಫ್ಯೂಸ್ ಕೀಳಲು ಬಂದ ಹುಡುಗಿಗೂ ಮಡಿಲು ತುಂಬಿದಳು. ಆ ಹುಡುಗಿ ಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಫ್ಯೂಸ್ ಕಿತ್ತುಕೊಂಡು ಹೋದಳು.

ಇಂಥವಳನ್ನು ಮಾಲೂರಿನ ಹತ್ತಿರದ ಕಾರು ಗುದ್ದಿಸುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿಸಿದವನು ನಾನೇ, ಅವಳ ತಮ್ಮ ಭೀಮರಾಜ್. ನಾನು ಅಲ್ಲಿ ಗೇಟಿನ ಸೆಕ್ಯೂರಿಟಿ. ಡ್ರೈವರ್ ಇಲ್ಲದೆ ತಾನೇ ಓಡುವ ಕಾರುಗಳನ್ನು ಅಲ್ಲಿ ಬೇಕೆಂದೇ ಗೋಡೆಗೆ ಗುದ್ದಿಸುತ್ತಾರೆ. ಒಳಗೆ ಕೂತವರು ಉಳಿಯುತ್ತಾರೋ ಇಲ್ಲವೋ ನೋಡಬೇಕಲ್ಲ? ಅದಕ್ಕೆ ಮನುಷ್ಯರಷ್ಟೇ ತೂಕದ ಗೊಂಬೆಗಳು. ಸ್ಟೇರಿಂಗೇ ಇಲ್ಲದ್ದರಿಂದ ಸೀಟುಗಳು ಎದುರುಬದುರು: ಈ ಕಡೆ ಹೆಣ್ಣುಗೊಂಬೆ, ಆ ಕಡೆ ಗಂಡುಗೊಂಬೆ. ಅವಕ್ಕೆ ಬಟ್ಟೆ ತೊಡಿಸಿ ಮುಖಕ್ಕೆ ಬಣ್ಣ ಹಚ್ಚುವುದು ಅಕ್ಕನ ಕೆಲಸ. ಮುಖ ಎಲ್ಲಿ ತಗುಲಿತೆಂದು ಆ ಬಣ್ಣದ ಗುರುತಿನಿಂದ ತಿಳಿಯುತ್ತದಂತೆ.

ಅಕ್ಕ ಹೆಣ್ಣುಗೊಂಬೆಯ ಕೆನ್ನೆಗೆ ಹಳದಿ, ಹಣೆಗೆ ದುಂಡಗೆ ಕೆಂಪು ಹಚ್ಚಿದಳು. ಗುದ್ದಿಸಿದಾಗ ಏರ್‌ಬ್ಯಾಗಿನ ಮೇಲೆ ಅಚ್ಚುಕಟ್ಟಾಗಿ ಕುಂಕುಮ ಮೂಡಿತು. ಇಂಜಿನಿಯರ್ ಆಶಾರಾಣಿ ನಕ್ಕು ಸುಮ್ಮನಾದರು. ಅಲ್ಲೇ ಕೆಟ್ಟಿತು ನೋಡಿ. ಅಕ್ಕ ಆ ಗೊಂಬೆಗೆ ಸಣ್ಣಮ್ಮ ಎಂದು ಹೆಸರಿಟ್ಟಳು. ಎದುರಿಗೆ ಕೂತವನು ಅಳಿಯನಾದ.

ಕಾರಿನ ಕಂಪನಿಯವರು ಬಂದ ದಿನ ದೊಡ್ಡ ಪರೀಕ್ಷೆ. ಕಾರು ಬಂದು ಗುದ್ದಿತು. ಏರ್‌ಬ್ಯಾಗುಗಳೆಲ್ಲ ಸರಿಯಾಗಿಯೇ ಉಬ್ಬಿದವು. ಆದರೆ ಕಂಪ್ಯೂಟರಿನಲ್ಲಿ ಅಳಿಯನ ತಲೆ ಮಾತ್ರ ಕೆಂಪಗಾಯಿತು. ಸತ್ತ ಎಂದು ಅರ್ಥ. ಮ್ಯಾನೇಜರ್ ವೇಣುಗೋಪಾಲ್ ಓಡಿಹೋಗಿ ಬಾಗಿಲು ತೆಗೆದರೆ, ಅಳಿಯನ ಹಣೆ ಒಳಕ್ಕೆ ಹೋಗಿದೆ, ಕಾಲ ಬಳಿ ಒಡೆದ ತೆಂಗಿನಕಾಯಿ, ಸುತ್ತ ಅಕ್ಕಿ. ಅವರು ಮುಳಬಾಗಿಲಿನ ಕಡೆಯವರು, ಸಿಟ್ಟು ಬಂದರೆ ಬಾಯಿಗೆ ತೆಲುಗೇ ಬರುವುದು.

"ಏಂದಮ್ಮಾ ಇದಿ?" ಎಂದು ಚಿಪ್ಪನ್ನು ಅಕ್ಕನ ಮುಖದ ಮುಂದೆ ಹಿಡಿದರು.

"ನಾನೇ ಇಟ್ಟಿದ್ದು ಸ್ವಾಮಿ. ಓಡ್ಸೋರೇ ಇಲ್ದಿರೋ ಗಾಡೀಲಿ ಹೆಣ್ಮಗಳನ್ನ ಬರೀ ಮಡಿಲಲ್ಲಿ ಕಳ್ಸಕ್ಕಾಗ್ತದಾ?"

ಅಕ್ಕನ ಕೆಲಸ ಹೋದರೆ, ಸೇರಿಸಿದವನೆಂದು ನನ್ನದೂ ಹೋಗುತ್ತದೆ. ಆದರೆ ಕಂಪನಿಯವರು ಬೇರೆಯೇ ವರಸೆ ತೆಗೆದರು. ಅಳಿಯ ಸತ್ತದ್ದು ಮಡಿಲಿನಿಂದ ಹಾರಿಬಂದ ಕಾಯಿಯಿಂದಲೋ ಕಾರಿನಿಂದಲೋ ಗೊತ್ತಾಗಬೇಕಂತೆ. ಹಾಗಾಗಿ ಇನ್ನೊಮ್ಮೆ ಗುದ್ದಿಸಬೇಕು, ಅದೇ ತೂಕದ ಕಾಯಿ ಅದೇ ಮಡಿಲಲ್ಲಿ ಇರಬೇಕು. ಆಶಾರಾಣಿ ಮಾಲೂರಿನ ಸಂತೆಯಲ್ಲಿ ತಕ್ಕಡಿ ಹಿಡಿದು ಕಾಯಿ ಆರಿಸಿದರು. ಅಂಗಡಿಯವನು ಯಾವ ದೇವರ ಹರಕೆ ತಾಯಿ ಎಂದು ಕೇಳಿದನಂತೆ.

ಅಕ್ಕ ಇಡುವುದಿಲ್ಲ ಎಂದಳು!

"ಅವತ್ತು ಗೊತ್ತಿಲ್ದೆ ಇಟ್ಟೆ. ಈಗ ಗೊತ್ತಿದ್ದೂ ಇಡ್ಲಾ? ಅಳಿಯ ಹೋಗ್ಬಿಡ್ತಾನೆ."

"ಇಡದಿದ್ರೆ ನಾಳೆಯಿಂದ ಬರಬೇಡಮ್ಮ," ಎಂದರು ವೇಣುಗೋಪಾಲ್.

ನಾನು ಗೇಟು ಬಿಟ್ಟು ಓಡಿದೆ. "ಅಕ್ಕಾ, ನಿನ್ನ ದಮ್ಮಯ್ಯ, ಇಟ್ಬಿಡೇ! ಇಬ್ರ ಹೊಟ್ಟೆ ಮೇಲೂ ಹೊಡೀಬೇಡ. ಅದು ಗೊಂಬೆ ಕಣೇ!"

"ಲೇ ಭೀಮ, ಗೊಂಬೆ ಅಂತ ನಂಗೊತ್ತು, ನಿಂಗೊತ್ತು. ಕಾರಿಗೆ ಗೊತ್ತೇನ್ಲಾ?"

ಥೂ, ಇವಳ ಬಾಯಿಗಿಷ್ಟು ಮಣ್ಣು ಹಾಕ! ಆಶಾರಾಣಿ ಕಂಪ್ಯೂಟರಿನ ಕಡೆ ಮುಖ ತಿರುಗಿಸಿಕೊಂಡರು.

"ಕೊಡಿ ಇಲ್ಲಿ, ನಾನೇ ಇಡ್ತೀನಿ," ಎಂದು ವೇಣುಗೋಪಾಲ್ ಕಾಯಿ ಕಿತ್ತುಕೊಂಡು ಕಾರಿನೊಳಗೆ ಬಗ್ಗಿದರು. ಸಣ್ಣಮ್ಮ ಹಳದಿ ಕೆನ್ನೆ, ಕೆಂಪು ಹಣೆಯಲ್ಲಿ ಬೆಲ್ಟು ಹಾಕಿಕೊಂಡು ಕೂತಿದ್ದಳು. ಎದುರಿಗೆ ಹೊಸ ತಲೆ ಹಾಕಿಸಿಕೊಂಡ ಅಳಿಯ. ಸಾರ್ ಕಾಯಿಯನ್ನು ಮಡಿಲ ಹತ್ತಿರ ಒಯ್ದರು, ಹಿಂದಕ್ಕೆ ತಂದರು. ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡರು. ಮತ್ತೆ ಒಯ್ದರು. ಕಂಪನಿಯವರು ವಾಚು ನೋಡಿಕೊಳ್ಳುತ್ತಿದ್ದರು.

ಕೊನೆಗೆ ಯಾರ ಮುಖವನ್ನೂ ನೋಡದೆ, "ಬೈರಮ್ಮಾ, ಹಿಂದ್ಗಡೆ ಡಿಕ್ಕಿಲಿಟ್ರೆ ನಡೀತದಾ?" ಎಂದರು.

"ಮಡಿಲಿಗೆ ಒಂದ್ಸಲ ಮುಟ್ಟಿಸಿ ಇಡಿ ಸ್ವಾಮಿ. ನಡೀತದೆ."

ಕಂಪನಿಯವರು ಇದು ಒಪ್ಪಂದದಲ್ಲಿಲ್ಲ ಎಂದು ಕೂಗಾಡಿದರು. ಸಾರ್ ಕೇಳಿಸದವರಂತೆ ಕಾಯಿಯನ್ನು ಸಣ್ಣಮ್ಮನ ಮಡಿಲಿಗೆ ಮುಟ್ಟಿಸಿ, ಡಿಕ್ಕಿಯಲ್ಲಿ ಗೋಣಿಚೀಲದೊಳಗೆ ಕಟ್ಟಿಟ್ಟು, ತಾವೇ ಬಟನ್ ಒತ್ತಿದರು.

ಕಾರು ಗುದ್ದಿದ ಸದ್ದಿಗೆ ತಗಡಿನ ಮಾಡು ಅದುರಿತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು, ಹಿಂದೆಯೇ ನಾನು. ನಾವು ಮುಟ್ಟುವಷ್ಟರಲ್ಲಿ ವೇಣುಗೋಪಾಲ್ ಆಗಲೇ ಬಾಗಿಲು ಕಿತ್ತು ಒಳಗೆ ಬಗ್ಗಿದ್ದರು. ಕಂಪ್ಯೂಟರ್ ಇನ್ನೂ ಏನೂ ಹೇಳಿರಲಿಲ್ಲ, ಅವರು ಅದನ್ನು ನೋಡಲೂ ಇಲ್ಲ. ಸಣ್ಣಮ್ಮನ ಗಲ್ಲ ಎತ್ತಿ ಹಿಡಿದು, "ಏನೂ ಆಗ್ಲಿಲ್ಲ ತಾನೇ ತಾಯಿ?" ಎಂದು ಕೇಳುತ್ತಿದ್ದರು. ಆಮೇಲೆ ಹಿಂದಕ್ಕೆ ತಿರುಗಿ, "ಬೈರಮ್ಮಾ, ನಾಳೆ ಸ್ವಲ್ಪ ಬೇಗ ಬಾರಮ್ಮ. ಮಗು ಭುಜ ಉಳುಕಿದೆ," ಎಂದರು.