ಮೀನಿನ ತೊಟ್ಟಿಗೆ ಮೂರು ದಿನದ ಕತ್ತಲೆ

ಮಂಡಿಯ ಆಪರೇಷನ್ ಮಾಡಿಸಿಕೊಂಡು ಅತ್ತೆ ಹೊಳಲ್ಕೆರೆಯ ನಮ್ಮ ಮನೆಗೆ ಬಂದರು. ಮೂರು ತಿಂಗಳು ಮೆಟ್ಟಿಲು ಹತ್ತಕೂಡದು, ನೆಲದ ಮೇಲೆ ಕೂರಕೂಡದು ಎಂದು ಚಿತ್ರದುರ್ಗದ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಹಿರೇಗುಂಟನೂರಿನ ಅವರ ಮನೆಯಲ್ಲಿ ಎರಡೂ ಆಗದ ಮಾತು. ನನ್ನ ಹೆಂಡತಿ ನರ್ಸ್. "ನಮ್ಮನೆಗೇ ಕರ್ಕಂಡು ಹೋಗಾಣ" ಎಂದಳು. ನಾನೂ ಹೂಂ ಎಂದೆ.

ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ಅತ್ತೆ ನನ್ನ ಜೊತೆ ನೇರವಾಗಿ ಮಾತಾಡಿದವರಲ್ಲ. ಕುರಿ ಸಾಕುವ ಮನೆತನ ಅವರದು; ಅಳಿಯನ ಎದುರು ಅತ್ತೆಯಾದವಳು ಕುರ್ಚಿಯಲ್ಲಿ ಕೂರುವ ರೂಢಿ ಅಲ್ಲಿಲ್ಲ. ನಾನು ಪಕ್ಕದಲ್ಲೇ ಇದ್ದರೂ ಮಗಳನ್ನು ಕರೆದು, "ಅವರಿಗೆ ಇನ್ನೊಂದು ಮುದ್ದೆ ಬೇಕೇನು ಕೇಳೇ" ಎನ್ನುವರು. ಈಗ ಕಾಲು ಬಗ್ಗದು. ನಾನು ಸ್ಕೂಲಿಂದ ಬಂದು ಹೊಸಿಲು ದಾಟಿದ ತಕ್ಷಣ ವಾಕರ್ ಹಿಡಿದು ಏಳಲು ಒದ್ದಾಡುವರು. ನಾನು "ಕುಂತ್ಕಳ್ರಿ, ಕುಂತ್ಕಳ್ರಿ" ಎನ್ನುತ್ತಾ ಕಳ್ಳನ ಹಾಗೆ ಅಡುಗೆಮನೆಗೆ ನುಸುಳುತ್ತಿದ್ದೆ.

ಅವರ ಕುರ್ಚಿ ಇದ್ದದ್ದು ಹಾಲಿನಲ್ಲಿ, ನನ್ನ ಮೀನಿನ ತೊಟ್ಟಿಯ ಎದುರಿಗೆ. ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಆ ತೊಟ್ಟಿಯೂ ನನಗೆ ಒಂದು ಚಿತ್ರವೇ ಆಗಿತ್ತು. ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿ, ತಳದಲ್ಲಿ ಕರಿ ಮರಳು, ರಾಮಗಿರಿ ಗುಡ್ಡದ ಬುಡದಿಂದ ಆಯ್ದು ತಂದು ಕುದಿಸಿದ ಕಲ್ಲುಗಳು, ಅವುಗಳ ನಡುವೆ ನೀರಿನ ಗಿಡಗಳು, ಹನ್ನೆರಡು ಪುಟ್ಟ ಮೀನು. ವರ್ಷವಿಡೀ ನೀರು ಗಾಜಿನಷ್ಟೇ ತಿಳಿಯಾಗಿತ್ತು.

ಅತ್ತೆ ಬಂದ ಮೂರನೇ ವಾರಕ್ಕೆ ಪಾಚಿ ಶುರುವಾಯಿತು. ಮೊದಲು ಗಾಜಿನ ಮೇಲೆ ತೆಳ್ಳಗೆ ಹಸಿರು ಪೊರೆ. ಕೆರೆದು ತೆಗೆದೆ. ನಾಲ್ಕೇ ದಿನಕ್ಕೆ ಮತ್ತೆ ಬಂತು. ಆಮೇಲೆ ಎಲೆಗಳ ಅಂಚಿಗೆ ಕೂದಲಿನಂಥ ಎಳೆಗಳು ಜೋತುಬಿದ್ದವು. ಭಾನುವಾರ ಅರ್ಧ ನೀರು ಬದಲಾಯಿಸಿದೆ, ಗಿಡಕ್ಕೆ ಹಾಕುವ ಗೊಬ್ಬರ ನಿಲ್ಲಿಸಿದೆ, ಕಿಟಕಿಗೆ ಪರದೆ ಕಟ್ಟಿದೆ. ಏನು ಮಾಡಿದರೂ ಪಾಚಿ ಮಾತ್ರ ಹಬ್ಬುತ್ತಲೇ ಹೋಯಿತು.

ಒಂದು ಶನಿವಾರ ಸ್ಕೂಲು ಬೇಗ ಬಿಟ್ಟಿತು. ಮನೆಗೆ ಬಂದರೆ ಹೆಂಡತಿ ಇನ್ನೂ ಡ್ಯೂಟಿಯಲ್ಲಿ. ನಾನು ಬೆಳಿಗ್ಗೆ ಆರಿಸಿ ಹೋಗಿದ್ದ ತೊಟ್ಟಿಯ ದೀಪ ಝಗಝಗ ಉರಿಯುತ್ತಿತ್ತು. ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿ, ಮುದ್ದೆಯ ಚೂರನ್ನು ಬೆರಳಲ್ಲಿ ಹೊಸಕಿ ನೀರಿಗೆ ಉದುರಿಸುತ್ತಿದ್ದರು.

"ಬಾರಪ್ಪ, ನಿಂಗೂ ಐತೆ. ಅವನೇ ಎಲ್ಲಾ ತಿಂದುಬಿಟ್ನಾ?"

ನನ್ನನ್ನು ಕಂಡವರೇ ಸೆರಗು ಎಳೆದುಕೊಂಡು ಕೂತಲ್ಲಿಂದಲೇ ಸ್ವಿಚ್ಚಿಗೆ ಕೈ ಚಾಚಿದರು. ಎಟುಕಲಿಲ್ಲ. ನಾನು ಏನೂ ನೋಡಲಿಲ್ಲವೆಂಬಂತೆ ಒಳಗೆ ಹೋದೆ. ಪಾಚಿಯ ಗುಟ್ಟು ಗೊತ್ತಾಗಿತ್ತು. ಗೊತ್ತಾಗಿ ಏನು ಮಾಡುವುದು? ಟೀವಿ ಅವರಿಗೆ ಸೇರದು. ನಾವಿಬ್ಬರೂ ಹೊರಟ ಮೇಲೆ ಸಂಜೆಯವರೆಗೆ ಅವರ ಜೊತೆಗಿದ್ದದ್ದು ಆ ಹನ್ನೆರಡು ಮೀನು ಮಾತ್ರ.

ಹೆಂಡತಿಗೆ ಹೇಳಿದರೆ ಅವಳು ನಕ್ಕಳು. "ನಿಮ್ಮ ಮೀನು, ನಿಮ್ಮತ್ತೆ. ನೀವೇ ಹೇಳ್ರಿ."

ಹೇಳುವ ಧೈರ್ಯ ಬರಲಿಲ್ಲ. ಪಾಚಿಗೆ ಏನಾದರೂ ಔಷಧಿ ಸಿಗಬಹುದೆಂದು ಚಿತ್ರದುರ್ಗಕ್ಕೆ ಹೋದೆ. ಅಲ್ಲಿ ಮೀನಿನ ಅಂಗಡಿ ಇಟ್ಟಿರುವ ಸಾಹೇಬರದು ತಲೆತಲಾಂತರದಿಂದ ಗಾಜು ಕೊಯ್ಯುವ, ಕನ್ನಡಿಗೆ ಚೌಕಟ್ಟು ಹಾಕುವ ಮನೆತನ. ನನ್ನ ತೊಟ್ಟಿ ಮಾಡಿಕೊಟ್ಟವರೂ ಅವರೇ. ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದರು.

"ದವಾ ಬ್ಯಾಡ್ರಿ ಮಾಸ್ತರೇ, ಗಿಡಕ್ಕೂ ತ್ರಾಸು. ಪಾಚಿಗೆ ಬೇಕಾಗಿರೋದು ಎರಡೇ, ಬೆಳಕು, ಊಟ. ಮೂರು ದಿನ ತೊಟ್ಟಿ ಪೂರ್ತಿ ಮುಚ್ಚಿಬಿಡ್ರಿ, ಒಂಚೂರೂ ಬೆಳಕು ಹೋಗಬಾರದು. ಊಟನೂ ಬಂದ್, ಮೀನು ಸಾಯಲ್ಲ. ಆಮೇಲೆ ದಿನಕ್ಕೆ ಆರು ತಾಸು ದೀಪ, ಅಷ್ಟೇ. ಬೇಗ ಬೆಳೆಯೋ ಗಿಡ ಕೊಡ್ತೀನಿ, ಪಾಚಿ ಪಾಲಿನ ಊಟ ಅವು ತಿಂತಾವೆ."

ಮನೆಗೆ ಬಂದು, ಹಾಲಿನಲ್ಲಿದ್ದ ಅತ್ತೆಗೂ ಕೇಳುವಂತೆ ಅಡುಗೆಮನೆಯಲ್ಲಿ ನಿಂತು ಹೆಂಡತಿಗೆ ಇದನ್ನೆಲ್ಲಾ ವರದಿ ಮಾಡಿದೆ. ಮೂರು ದಿನ ಅವರು ಏನು ನೋಡಿಕೊಂಡು ಕೂರಬೇಕು ಎಂದು ನನಗೇ ಸಂಕಟವಾಯಿತು. ಆದರೂ ರಾತ್ರಿ ಊಟಕ್ಕೆ ಮುಂಚೆ ತೊಟ್ಟಿಗೆ ಎರಡು ಬೆಡ್‌ಶೀಟ್ ಹೊದಿಸಿದೆ.

ಬೆಳಿಗ್ಗೆ ಎದ್ದು ನೋಡಿದರೆ ಬೆಡ್‌ಶೀಟುಗಳು ಮಡಿಚಿ ಕುರ್ಚಿಯ ಮೇಲಿದ್ದವು. ತೊಟ್ಟಿಯ ಮೇಲೆ ಕರಿ ಕಂಬಳಿ, ನಾಲ್ಕೂ ಕಡೆ ನೆಲದವರೆಗೆ ಇಳಿಬಿದ್ದಿತ್ತು. ಅತ್ತೆ ಊರಿಂದ ತಂದುಕೊಂಡು ದಿನಾ ಹೊದ್ದು ಮಲಗುತ್ತಿದ್ದ ಕಂಬಳಿ. ವಾಕರ್ ಹಿಡಿದು ಅದರ ಪಕ್ಕದಲ್ಲೇ ನಿಂತಿದ್ದರು.

"ಬೆಡ್‌ಶೀಟ್ನಾಗೆ ಬೆಳಕು ತೂರ್ತಿತ್ತು" ಎಂದರು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಮಾತು ನನಗೇ ಎಂದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಲೈಟು ದಿನಾ ನಾನೇ ಹಾಕ್ತಿದ್ದೆ. ಅವು ಕತ್ತಲಾಗೆ ಇರ್ತಾವಲ್ಲ ಅಂತ ಜೀವ ತಡೀತಿರ್ಲಿಲ್ಲ. ನೀವು ಬೈಬೇಕಿತ್ತು."

"ನಿಮ್ಮನ್ನ ನಾನ್ಹೆಂಗೆ ಬೈಲಿ?" ಎಂದೆ.

ಆ ಮೂರು ದಿನ ಮಧ್ಯಾಹ್ನದ ಊಟಕ್ಕೆ ಮನೆಗೇ ಬಂದೆ. ಸ್ಕೂಲು ಹತ್ತಿರವೇ ಇದ್ದರೂ ಅಲ್ಲಿಯವರೆಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದವನು ನಾನು. ಮುಚ್ಚಿದ ತೊಟ್ಟಿಯ ಎದುರು ಇಬ್ಬರೂ ತಟ್ಟೆ ಹಿಡಿದು ಕೂತೆವು, ಅತ್ತೆ ಕುರ್ಚಿಯ ಅಂಚಿಗೆ ಸರಿದು. ಮೊದಲ ದಿನ ಸಾರಿನ ಉಪ್ಪಿನ ಮಾತು ಬಿಟ್ಟರೆ ಬೇರೆ ಇಲ್ಲ. ಎರಡನೇ ದಿನ ಅವರೇ ಶುರು ಮಾಡಿದರು. ಕುರಿಗಳಿಗೆ ನೀರಿಡುವ ಕಲ್ಲಿನ ಬಾನಿ ಅಂಗಳದ ಬಿಸಿಲಿನಲ್ಲಿತ್ತಂತೆ. ವಾರಕ್ಕೆರಡು ಸಲ ಪಾಚಿ ತಿಕ್ಕಿ ತಿಕ್ಕಿ ಅವರ ಕೈಯಲ್ಲಿ ಬೊಬ್ಬೆ ಬರುತ್ತಿತ್ತಂತೆ.

"ಬೇವಿನ ಮರದ ನೆಳ್ಳಿಗೆ ಎಳೀರಿ ಅಂದೆ. ಯಜಮಾನ್ರು, ಕುರಿ ಅಲ್ಲಿಗೆ ಬರಲ್ಲ ಕಣೇ, ಅಂದ್ರು. ಅವರು ಸಂತೆಗೆ ಹೋದಾಗ ನಾಕು ಜನನ್ನ ಕರ್ದು ಎಳೆಸಿಬಿಟ್ಟೆ."

"ಕುರಿ ಬಂದ್ವಾ?"

"ಬಂದ್ವು. ಆಮೇಲೆ ನೆಳ್ಳು ಬಿಟ್ಟು ಏಳ್ಲೇ ಇಲ್ಲ." ಅತ್ತೆ ಬಾಯಿ ಮುಚ್ಚಿಕೊಂಡು ನಕ್ಕರು. ಅವರ ನಗೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ನಾಲ್ಕನೇ ಬೆಳಿಗ್ಗೆ ಕಂಬಳಿ ತೆಗೆದೆವು. ಹನ್ನೆರಡೂ ಮೀನು ಎಣಿಸಿದ ಮೇಲೆಯೇ ಅತ್ತೆ ಉಸಿರು ಬಿಟ್ಟದ್ದು. ಗಿಡಗಳು ತುಸು ಬಿಳಿಚಿದ್ದವು. ಪಾಚಿಯ ಎಳೆಗಳು ಬೂದಿ ಬಣ್ಣಕ್ಕೆ ತಿರುಗಿ ಸಡಿಲವಾಗಿದ್ದವು. ನಾನು ಚಿಮಟ ಹಾಕಿ ಎಳೆಯಹೋದರೆ ಎಳೆಯ ಜೊತೆ ಎಲೆಯೂ ಕಿತ್ತುಬರುತ್ತಿತ್ತು.

"ಹಂಗಲ್ಲ, ಕೊಡ್ರಿ ಇಲ್ಲಿ" ಎಂದು ಅತ್ತೆ ಒಂದು ಹೊಸ ಟೂತ್‌ಬ್ರಷ್ ಇಸಿದುಕೊಂಡರು. ಮುಂಗೈ ನೀರಿಗಿಳಿಸಿ, ಬ್ರಷ್ಷನ್ನು ಎರಡೇ ಬೆರಳಲ್ಲಿ ತಿರುಗಿಸತೊಡಗಿದರು. ನೂಲುವ ಕದಿರಿಗೆ ಉಣ್ಣೆ ಸುತ್ತಿದ ಹಾಗೆ ಪಾಚಿ ಒಂದೊಂದೇ ಎಳೆಯಾಗಿ ಸುತ್ತಿಕೊಂಡು ಬಂತು. ಒಂದು ಎಲೆಯೂ ಹರಿಯಲಿಲ್ಲ. ನಾನು ಪಕ್ಕದಲ್ಲಿ ಮಗ್ಗು ಹಿಡಿದು ನಿಂತೆ. ಡ್ಯೂಟಿಗೆ ಹೊರಟಿದ್ದ ಹೆಂಡತಿ ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತುಬಿಟ್ಟಳು. "ಏನ್ರವ್ವ, ಇಬ್ರೂ ಒಂದೇ ಪಾರ್ಟಿ ಆಗಿಬಿಟ್ರಾ?" ಎಂದಳು.

ಆರು ತಾಸನ್ನು ಎರಡು ಪಾಲು ಮಾಡಿದೆವು: ಮಧ್ಯಾಹ್ನ ಅತ್ತೆ ಒಬ್ಬರೇ ಇರುವಾಗ ಮೂರು, ಸಂಜೆ ಎಲ್ಲರೂ ಇರುವಾಗ ಮೂರು. ಮುದ್ದೆ ಬಂದಾಯಿತು, ಮೀನಿನ ಕಾಳು ದಿನಕ್ಕೊಂದು ಚಿಟಿಕೆ, ಅದನ್ನು ಹಾಕುವ ಹಕ್ಕು ಅತ್ತೆಯದು. ನಾನು ಮತ್ತೆ ಚಿತ್ರದುರ್ಗಕ್ಕೆ ಹೋಗಿ, ಸಾಹೇಬರಿಗೆ ಅತ್ತೆಯ ಬ್ರಷ್ಷಿನ ಕತೆ ಹೇಳಿ ತಂದು ನೆಟ್ಟ ಹೊಸ ಗಿಡಗಳು ತಿಂಗಳೊಳಗೆ ನೀರಿನ ಮಟ್ಟ ಮುಟ್ಟಿದವು. ಪಾಚಿ ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಗಾಜಿನ ಮೂಲೆಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಉಳಿಯಿತು.

ಮಂಡಿ ತೋರಿಸಲು ಕೊನೆಯ ಸಲ ಚಿತ್ರದುರ್ಗಕ್ಕೆ ಹೋದಾಗ ಅತ್ತೆ ಮೀನಿನ ಅಂಗಡಿ ನೋಡಬೇಕೆಂದರು. ವಾಕರ್ ಇಲ್ಲದೆ, ನನ್ನ ಮೊಣಕೈ ಹಿಡಿದು ಒಳಗೆ ಬಂದರು. ಸಾಹೇಬರು ಸ್ಟೂಲ್ ಕೊಟ್ಟು, "ಪಾಚಿನ ಉಣ್ಣೆ ಥರ ಸುತ್ತಿದ ಅಮ್ಮ ಇವರೇನಾ?" ಎಂದರು. ನನ್ನೆದುರೇ ಸ್ಟೂಲಿನ ಮೇಲೆ ಕೂತ ಅತ್ತೆ, ಒಂದು ಪಾತ್ರೆಯ ಗಾಜಿಗೆ ಅಂಟಿದ್ದ ಬಸವನಹುಳುಗಳನ್ನು ಬಹಳ ಹೊತ್ತು ನೋಡಿದರು.

"ಇವೇನ್ ತಿಂತಾವ್ರಿ?"

"ಗಾಜಿನ ಮೇಲಿನ ಪಾಚಿ ಮೇಯ್ತಾವಮ್ಮ. ಗಿಡ ಮುಟ್ಟಲ್ಲ."

"ಹಂಗಾದ್ರೆ ನಮ್ಮ ಕುರಿಗಿಂತ ವಾಸಿ ಬಿಡ್ರಿ" ಎಂದು ಎರಡನ್ನು ಆರಿಸಿದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡರು. ರಸ್ತೆಯ ಉಬ್ಬು ಬಂದಾಗಲೆಲ್ಲ ಎರಡೂ ಕೈಯಲ್ಲಿ ಅದನ್ನು ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ನಾನು ಹಿಡಿದುಕೊಳ್ಳುತ್ತೇನೆ ಎಂದರೂ ಹೊಳಲ್ಕೆರೆ ಬರುವವರೆಗೂ ಕೊಡಲಿಲ್ಲ.